ಬೆಟ್ಟದ ಜಾಡು ಕೊರಕಲಾಗದಂತೆ ಸೈಕಲ್ ಓಡಿಸುವ ಬಗೆ

ಸೈಕಲ್ಲು ಹೊಗೆಯುಗುಳುವುದಿಲ್ಲ, ಆದ್ದರಿಂದ ಅದು ಬೆಟ್ಟವನ್ನು ಕೆಡಿಸುವುದಿಲ್ಲ ಎಂದು ಮೈಸೂರು, ಮಂಡ್ಯದ ಮೌಂಟನ್ ಬೈಕ್ ಸವಾರರಲ್ಲಿ ಹಲವರು ನಂಬಿದ್ದೇವೆ. ಇದು ಅರ್ಧ ಮಾತ್ರ ನಿಜ. ಇಳಿಜಾರಿನ ಹಸಿ ಮಣ್ಣಿನಲ್ಲಿ ಟೈರು ಮೂಡಿಸಿದ ಗೆರೆಯೇ ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ನೀರು ಅದರೊಳಗೆ ರಭಸದಿಂದ ಇಳಿದು, ಮೇಲ್ಮಣ್ಣನ್ನು ಕೊಚ್ಚಿ, ಬೇರುಗಳನ್ನು ಬಯಲುಮಾಡಿ, ಗೆರೆಯನ್ನು ಕೊರಕಲಾಗಿಸುತ್ತದೆ. 2021ರ ಮಳೆಗೆ ಚಾಮುಂಡಿ ಬೆಟ್ಟದ ನಂದಿ ರಸ್ತೆಯೇ ಕುಸಿದದ್ದನ್ನು ಕಂಡವರಿಗೆ ನೀರಿನ ಬಲವನ್ನು ವಿವರಿಸಬೇಕಾಗಿಲ್ಲ.

ಹೊರಡುವ ಮೊದಲು ಆ ನೆಲ ಯಾರದೆಂದು ತಿಳಿಯಿರಿ. ಚಾಮುಂಡಿ ಬೆಟ್ಟದ ಕುರುಚಲು ಕಾಡು ಮೀಸಲು ಅರಣ್ಯ; ಮೇಲುಕೋಟೆಯ ಸುತ್ತ ತೋಳಗಳ ನೆಲೆಯಾದ ವನ್ಯಜೀವಿ ಧಾಮವಿದೆ. ಇಂಥ ಕಡೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳದಾರಿ ಹಿಡಿಯಬಾರದು.

ಜಾಡಿನ ಬುಡದಲ್ಲಿ ಒಂದು ಹಿಡಿ ಮಣ್ಣನ್ನು ಅದುಮಿ ನೋಡಿ. ಅದು ಉಂಡೆಕಟ್ಟಿ ಬೆರಳಿಗೆ ಅಂಟಿದರೆ ಅಂದು ಹಿಂದಿರುಗುವುದೇ ಸರಿ. ಗರಸು ಬೆರೆತ ಕೆಂಪು ಮಣ್ಣು ಬೇಗ ಆರುತ್ತದೆ, ಗದ್ದೆ ಬಯಲಿನ ಜೇಡಿ ಮಣ್ಣಿಗೆ ಹೆಚ್ಚು ದಿನ ಬೇಕು. ದಾರಿಯಲ್ಲಿ ಕೆಸರುಗುಂಡಿ ಸಿಕ್ಕರೆ ಅದರ ನಡುವೆಯೇ ಸಾಗಿ. ಪಕ್ಕದ ಹುಲ್ಲಿನ ಮೇಲೆ ಬಳಸಿಹೋದರೆ ಜಾಡು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತದೆ. ತಿರುವಿಗೆ ಮುಂಚೆಯೇ ಎರಡೂ ಬ್ರೇಕುಗಳನ್ನು ಹದವಾಗಿ ಹಿಡಿದು ವೇಗ ತಗ್ಗಿಸಿ, ಹಿಂಚಕ್ರ ಉರುಳದೆ ಜಾರುವಂತೆ ಮಾಡಬೇಡಿ. ಟೈರಿಗೆ ಮೆತ್ತಿದ ಮಣ್ಣಿನಲ್ಲಿ ಪಾರ್ಥೇನಿಯಂ ಬೀಜಗಳು ಊರಿಂದೂರಿಗೆ ಸಾಗುವುದರಿಂದ ಅದನ್ನು ಅಲ್ಲೇ ಕೆರೆದು ಹೊರಡಬೇಕು. ಸೈಕಲ್ಲನ್ನು ಕೆರೆ, ನಾಲೆಗಳಲ್ಲಿ ತೊಳೆಯಬಾರದು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನೀರನ್ನು ಜಾಡಿನಿಂದ ಹೊರಕ್ಕೆ ತಿರುಗಿಸುವ ಕೆಲಸ. ಹೊಲದ ಬದುವಿಗೆ ಕೋಡಿ ಬಿಡುವ ರೈತರಿಗೆ ಇದು ಹೊಸದಲ್ಲ. ಅಲ್ಲಿ ಕುರಿ ಮೇಯಿಸುವ ಹಿರಿಯರನ್ನು ಕೇಳಿದರೆ ನೀರು ಎಲ್ಲಿಂದ ನುಗ್ಗುತ್ತದೆಂದು ತೋರಿಸುತ್ತಾರೆ. ನೆಲದ ಒಡೆಯರ ಒಪ್ಪಿಗೆ ಪಡೆದು, ನೀರು ಇನ್ನೂ ವೇಗ ಪಡೆಯದಿರುವ ಮೇಲ್ಭಾಗದಲ್ಲಿಯೇ, ಜಾಡಿಗೆ ಓರೆಯಾಗಿ ತಟ್ಟೆಯಂಥ ಅಗಲವಾದ ತಗ್ಗನ್ನು ಗುದ್ದಲಿಯಿಂದ ತೆಗೆಯಿರಿ. ನೇರ ಅಡ್ಡಕ್ಕೆ ತೆಗೆದರೆ ಹೂಳು ಬೇಗ ತುಂಬುತ್ತದೆ. ಅಗೆದ ಮಣ್ಣನ್ನು ಕೆಳಬದಿಗೆ ಬದುವಿನಂತೆ ಹಾಕಿ ತುಳಿದು ಗಟ್ಟಿಮಾಡಿ, ನೀರು ಬೀಳುವ ಕಡೆ ಕಲ್ಲುಗಳನ್ನು ಹರಡಿದರೆ ಅಲ್ಲಿ ಹೊಸ ಕೊರಕಲು ಹುಟ್ಟುವುದಿಲ್ಲ. ಮುಂಗಾರಿಗೆ ಮುನ್ನ ಒಮ್ಮೆ, ಹಿಂಗಾರು ಮುಗಿದ ಮೇಲೆ ಮತ್ತೊಮ್ಮೆ ಹೂಳೆತ್ತಬೇಕು. ಕೆಲಸ ಮುಗಿದ ಬಳಿಕ ಗುಡುಗು ಸಿಡಿಲಿಲ್ಲದ ಒಂದು ಮಳೆಯ ದಿನ, ಸೈಕಲ್ಲನ್ನು ಮನೆಯಲ್ಲಿ ಬಿಟ್ಟು ಕೊಡೆ ಹಿಡಿದು ನಡೆದುಹೋಗಿ, ನೀರು ನಿಜವಾಗಿಯೂ ಅಲ್ಲಿ ತಿರುಗುತ್ತಿದೆಯೇ ಎಂದು ನಿಂತು ನೋಡಿ.