ಸೆಪ್ಟೆಂಬರ್ 8ಕ್ಕೆ ನಮ್ಮ ನೆಲದ್ದೇ ತೆನೆ: ನನ್ನ ಅನುಭವ

ತೆನೆ ಹಬ್ಬದ ದಿನ ಮಲೆನಾಡಿನ ಗದ್ದೆಯಲ್ಲಿ ತೆನೆ ಇರುವುದಿಲ್ಲ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕಥೋಲಿಕ ಕುಟುಂಬಗಳು ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನನದ ಹಬ್ಬವನ್ನೂ ಹೊಸ ಅಕ್ಕಿಯ ಊಟವನ್ನೂ ಜೊತೆಗೇ ತಂದವು. ಕರಾವಳಿಯಲ್ಲಿ ಅಷ್ಟು ಹೊತ್ತಿಗೆ ಮೊದಲ ಬೆಳೆ ಕಾಳು ಕಟ್ಟಿರುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಅಕ್ಟೋಬರಿನ ಸುಮಾರಿಗೆ ಬರುವ ಭೂಮಿ ಹುಣ್ಣಿಮೆಗೂ ಭತ್ತ ಹೊಡೆಯಲ್ಲೇ, ಅಂದರೆ ತೆನೆ ಹೊರಬರುವ ಮುಂಚಿನ ಹಂತದಲ್ಲೇ, ಇರುತ್ತದೆ. ಹಾಗಾಗಿ ಚರ್ಚಿನಲ್ಲಿ ಆಶೀರ್ವದಿಸಿ ಮನೆಮನೆಗೆ ಹಂಚಲು ಪ್ರತಿ ವರ್ಷ ಘಟ್ಟದ ಕೆಳಗಿನಿಂದ ತೆನೆ ತರಿಸುವುದು ವಾಡಿಕೆ. ಗಾಡಿ ಬಾಡಿಗೆ, ತೆನೆಯ ದುಡ್ಡು ಸೇರಿ ಐದು ಸಾವಿರದ ಆಸುಪಾಸು. ಗೋಣಿಯಲ್ಲಿ ಒಂದು ರಾತ್ರಿ ಕಳೆದರೆ ತೆನೆ ಕಾವು ಏರಿ ಹಳದಿಯಾಗುತ್ತದೆ, ಕಾಲು ಭಾಗ ಕಾಳು ಗೋಣಿಯ ತಳದಲ್ಲೇ ಉದುರಿರುತ್ತದೆ.

ದುಡ್ಡಿಗಿಂತ ನನ್ನನ್ನು ಕಾಡಿದ್ದು ಪ್ರಾರ್ಥನೆ. ಪ್ರಥಮ ಫಲದ ವಾಚನ ಬೈಬಲಿನ ಧರ್ಮೋಪದೇಶಕಾಂಡದ 26ನೇ ಅಧ್ಯಾಯ: ನೀನು ನನಗೆ ಕೊಟ್ಟ ಭೂಮಿಯ ಮೊದಲ ಬೆಳೆಯನ್ನು ಇಗೋ ತಂದಿದ್ದೇನೆ ಎನ್ನುತ್ತಾನೆ ಬೇಸಾಯಗಾರ. ಕೊಂಡು ತಂದ ತೆನೆ ಹಿಡಿದು ಈ ಮಾತನ್ನು ಹೇಗೆ ಹೇಳುವುದು? ಆಶೀರ್ವಾದ ಮೊದಲು ದೇವರ ಕಡೆಗೆ ಏರುವ ಸ್ತುತಿ, ಆಮೇಲೆ ನಮ್ಮ ಕಡೆಗೆ ಇಳಿಯುವ ಕೃಪೆ. ಏರುವ ಭಾಗವೇ ನಮ್ಮಲ್ಲಿ ಸೊರಗಿತ್ತು. ಜನ ಸಾಲಿನಲ್ಲಿ ನಿಂತು ತೆನೆ ಇಸಿದುಕೊಂಡು ಹೋಗುತ್ತಿದ್ದರು, ಅಷ್ಟೇ.

ಚರ್ಚಿನ ಹಿಂದೆಯೇ ಬೆಳೆಯೋಣ ಎಂದಾಗ ಸಮಿತಿಯಲ್ಲಿ ಹಿರಿಯರೆಲ್ಲ ಆಗದ ಮಾತು ಎಂದರು. ಮೊದಲ ವರ್ಷ ಅವರೇ ಗೆದ್ದರು. ಮಳೆ ಹಿಡಿಯಲಿ ಎಂದು ಕಾದು ಜೂನ್ 10ಕ್ಕೆ ಸಸಿಮಡಿ ಹಾಕಿದ್ದರಿಂದ ಹಬ್ಬದ ದಿನ ಕಾಳು ಹಿಸುಕಿದರೆ ಬರೀ ಹಾಲು, ಸುಲಿಯಲು ಅಕ್ಕಿಯೇ ಇಲ್ಲ. ಎರಡನೇ ವರ್ಷ ದಿನದ ಲೆಕ್ಕ ಸರಿಯಾಯಿತು, ತೆನೆ ಮಾತ್ರ ಮುಕ್ಕಾಲು ಪಾಲು ಜೊಳ್ಳು. ಭತ್ತದ ಹೂ ಅರಳುವುದು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನದೊಳಗೆ. ಆಗಸ್ಟಿನ ಮಳೆ ಆ ಹೊತ್ತಿಗೇ ಜಡಿದರೆ ಪರಾಗ ತೊಳೆದುಹೋಗುತ್ತದೆ. ಮೂರನೇ ವರ್ಷ ಮಳೆಗೆ ಮಾಡು ಕಟ್ಟಿದೆವು. ತೆನೆ ತಿಗಣೆ ಬಂದು ಹಾಲುಗಾಳನ್ನೆಲ್ಲ ಹೀರಿತು. ಸುತ್ತ ಎಲ್ಲೂ ತೆನೆ ಇಲ್ಲದಾಗ ಊರಿನ ತಿಗಣೆ, ರಾಟವಾಳ, ಗಿಳಿ ಎಲ್ಲಕ್ಕೂ ಇದೊಂದೇ ಮಡಿ.

ಈಗ ಮಾಡುವುದು ಹೀಗೆ. ತಳಿ ಜ್ಯೋತಿ, 110ರಿಂದ 120 ದಿನದ್ದು. ಇನ್ನೂರು ಗ್ರಾಂ ಬೀಜ ಸಾಕು. ಒಂದು ಹಗಲು ಒಂದು ರಾತ್ರಿ ನೆನೆಸಿ, ಮೊಳಕೆ ಕಟ್ಟಿ, ಮೇ 20ಕ್ಕೆ ಟ್ರೇಗೆ ಹಾಕಬೇಕು. ಆಗ ಬಾವಿಯ ನೀರೇ ಗತಿ, ದಿನಕ್ಕೆ ನಾಲ್ಕು ಕೊಡ. ಹದಿನೆಂಟು ಇಪ್ಪತ್ತು ದಿನದ ಸಸಿಯನ್ನು ಗುಣಿಗೆ ಎರಡರಂತೆ ನೆಡುವುದು. ಮಡಿ ಆರು ಅಡಿ ಅಗಲ, ಇಪ್ಪತ್ತು ಅಡಿ ಉದ್ದ. ಸುಮಾರು 350 ಗುಣಿ, ಗುಣಿಗೆ ಏಳೆಂಟು ತೆನೆ. ಅರ್ಧ ಹಾಳಾದರೂ ನೂರಿಪ್ಪತ್ತು ಮನೆಗೆ ಮನೆಗೆ ಐದರಂತೆ ಹಂಚಿ ಇನ್ನೂ ಮಿಗುತ್ತದೆ.

ಯೂರಿಯಾ ಹೆಚ್ಚು ಕೊಡಬೇಡಿ, ಮೋಡದ ದಿನಗಳಲ್ಲಿ ಬೆಂಕಿ ರೋಗ ಕುತ್ತಿಗೆಗೇ ಹಿಡಿಯುತ್ತದೆ. ಆಗಸ್ಟ್ ಮೊದಲ ವಾರವೇ ಅಡಕೆ ದಬ್ಬೆಯ ಚಪ್ಪರಕ್ಕೆ ಪಾರದರ್ಶಕ ಶೀಟು ಹೊದಿಸಿ, ನಾಲ್ಕೂ ಬದಿ ಸೊಳ್ಳೆಪರದೆಯಂಥ ಬಲೆ ಇಳಿಬಿಡಬೇಕು. ಗಾಳಿ ಆಡದಿದ್ದರೆ ಒಳಗೆ ಬೆವರಿ ಮತ್ತೆ ಜೊಳ್ಳೇ. ಶೀಟು, ಬಲೆ ಸೇರಿ ನಾಲ್ಕೂವರೆ ಸಾವಿರ ಆಗಿತ್ತು. ಮೂರು ವರ್ಷ ಬಂದಿದೆ. ದಬ್ಬೆ ಊರವರೇ ಕೊಟ್ಟರು. ಹೂ ಬಿಟ್ಟ ವಾರ ಬೆಳಿಗ್ಗೆ ಮಾಡುವ ಒಂದು ಸಣ್ಣ ಕೆಲಸವಿದೆ, ಕಾಳು ತುಂಬುವುದು ಅದರಿಂದ. ಬಂದು ನೋಡಿದವರಿಗೆ ತೋರಿಸುತ್ತೇನೆ. ಕಳೆದ ಹಬ್ಬಕ್ಕೆ ಬೇರೆ ಎರಡು ಧರ್ಮಕೇಂದ್ರದವರು (ಚರ್ಚಿನವರು) ನಮ್ಮಲ್ಲಿಂದಲೇ ತೆನೆ ಒಯ್ದರು.

ನಡುವೆ ಟ್ರೇಯಲ್ಲಿ ರಾಗಿ ಬೆಳೆದು ನೋಡಿದ್ದುಂಟು. ತೆನೆ ಚೆನ್ನಾಗಿಯೇ ಬಂತು. ಧರ್ಮಸಭೆಯ 1984ರ ಆಶೀರ್ವಾದಗಳ ಗ್ರಂಥದಲ್ಲಿ ಹೊಸ ಫಲ ಒಪ್ಪಿಸುವ ವಿಧಿಗೆ ಭತ್ತವೇ ಬೇಕೆಂದಿಲ್ಲ. ಆದರೆ ಮನೆಯಲ್ಲಿ ಹಿರಿಯರು ಉಗುರಿನಿಂದ ಒಂದೊಂದೇ ಕಾಳು ಸುಲಿದು, ಆ ಹಸಿ ಅಕ್ಕಿಯನ್ನು ಹಾಲಿಗೆ ಹಾಕಿ, ಚಿಕ್ಕವರ ಕೈಗೆ ಚಮಚದಲ್ಲಿ ಕೊಡುವ ಆ ಗಳಿಗೆ ರಾಗಿಯಿಂದ ಬರಲಿಲ್ಲ. ರಾಗಿ ಬಿಟ್ಟೆವು. ಶಿಕಾರಿಪುರದ ಕಡೆಯವರು ಮೆಕ್ಕೆಜೋಳ ತಂದರೆ, ಕೊಪ್ಪದ ಕಡೆಯವರು ಹಸಿ ಕಾಳುಮೆಣಸಿನ ಗೊಂಚಲು ತಂದರೆ, ತೆನೆಯ ಪಕ್ಕದಲ್ಲೇ ಇಡುತ್ತೇವೆ.

ಹೆಚ್ಚು ಫಲ ಕೊಟ್ಟದ್ದು ಇನ್ನೊಂದು ಪ್ರಯೋಗ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿರುವವರಿಗೆ ಗೇಣು ನೆಲವಿಲ್ಲ. ಮನೆಗೊಂದರಂತೆ ಇಪ್ಪತ್ತು ಗ್ರೋಬ್ಯಾಗು, ಮೂರು ಮೂರು ಸಸಿ ಕೊಟ್ಟೆವು. ಚೀಲಕ್ಕೆ ಹದಿನೈದು ರೂಪಾಯಿ ಬಿದ್ದಿರಬೇಕು. ಒಂಬತ್ತು ಚೀಲದಲ್ಲಿ ತೆನೆ ಬಂತು. ಆ ಒಂಬತ್ತು ಮನೆಯವರು ಮೆರವಣಿಗೆಯ ಮುಂದೆ ನಡೆದರು.

ವಿಧಿಯಲ್ಲೂ ತಪ್ಪುಗಳಾಗುತ್ತವೆ. ಮಳೆಗೆ ಹೆದರಿ ವಾಚನ ಬಿಟ್ಟು, ಪವಿತ್ರ ಜಲ ಚಿಮುಕಿಸಿ, ಶಿಲುಬೆ ಗುರುತು ಹಾಕಿ ಮುಗಿಸುವುದು ಅದರಲ್ಲಿ ಮೊದಲನೆಯದು. ದೇವರ ವಾಕ್ಯವಿಲ್ಲದ ಬರೀ ಗುರುತು ಮಂತ್ರ ಹಾಕಿದಂತಾಗುತ್ತದೆ. ಆಶೀರ್ವಾದಗಳ ಗ್ರಂಥ ಅದನ್ನು ಒಪ್ಪುವುದಿಲ್ಲ. ನಾಲ್ಕು ವಚನ ಓದಿ, 67ನೇ ಕೀರ್ತನೆ ಹಾಡಿ, ಆಮೇಲೆ ಪ್ರಾರ್ಥನೆ: ಎಲ್ಲ ಸೇರಿ ಹತ್ತು ನಿಮಿಷ. ಫಾದರ್ ಬರಲಾಗದ ಉಪಕೇಂದ್ರದಲ್ಲಿ ಗುರುಗಳಲ್ಲದ ಉಪದೇಶಿಗಳೇ ನಡೆಸಬಹುದು, ಕೈ ಚಾಚದೆ ಜೋಡಿಸಿಕೊಂಡು. ಅಕ್ಕಪಕ್ಕದ ಹಿಂದೂ ಮನೆಯವರು ಕೇಳಿದರೂ ತೆನೆ ಕೊಡುತ್ತೇವೆ. ಕಥೋಲಿಕರಲ್ಲದವರಿಗೂ ಆಶೀರ್ವಾದ ನೀಡಬಹುದೆಂದು ಧರ್ಮಸಭೆಯ ಕಾನೂನೇ ತನ್ನ 1170ನೇ ಕಲಮಿನಲ್ಲಿ ಹೇಳುತ್ತದೆ. ಗದ್ದೆ ಬದುವಿನ ಮೇಲೆ ನಿಂತು, ಫಾದರ್, ಈ ಪಂಪಿಗೂ ಒಂದು ಪ್ರಾರ್ಥನೆ ಮಾಡಿ ಎನ್ನುವವರಿದ್ದಾರೆ. ಅದಕ್ಕೆ ಪುಸ್ತಕ ಹುಡುಕಬೇಕಿಲ್ಲ. ಕೇಳಿದವರ ಮನಸ್ಸಿನ ಭಾರಕ್ಕೆ ಅಲ್ಲೇ ನಿಂತು ಎರಡು ಮಾತಿನ ಪ್ರಾರ್ಥನೆ ಸಾಕೆಂಬುದು 2023ರ ಡಿಸೆಂಬರಿನಲ್ಲಿ ವ್ಯಾಟಿಕನ್ ಹೊರಡಿಸಿದ ಘೋಷಣೆಯಿಂದಲೂ ತಿಳಿಯುತ್ತದೆ.

ಬಾಗಿಲಿಗೆ ಕಟ್ಟಿದ ತೆನೆಯ ಕಾಳನ್ನೇ ಮರುವರ್ಷ ಬಿತ್ತೋಣವೆಂದು ಒಮ್ಮೆ ಎಲ್ಲ ಮನೆಗಳಿಂದ ಕೂಡಿಸಿದೆವು. ಹಸಿಯಲ್ಲೇ ಕೊಯ್ದದ್ದು, ಅರ್ಧದಷ್ಟೂ ಮೊಳೆಯಲಿಲ್ಲ. ಆದ್ದರಿಂದ ಮಡಿಯ ಕೊನೆಯ ಎರಡು ಸಾಲು ಕೊಯ್ಯದೆ ಅಲ್ಲೇ ಆಶೀರ್ವದಿಸಿ, ಸೆಪ್ಟೆಂಬರ್ ಕೊನೆಯವರೆಗೆ ಬಲಿಯಲು ಬಿಡುತ್ತೇವೆ. ಮೇ 20ರ ಬೀಜ ಅದರದ್ದೇ.