ವ್ಯಾನಿನ ಬ್ಯಾಟರಿ ಸತ್ತಿದೆಯೋ, ಹಸಿದಿದೆಯೋ?

ಹೋದ ವರ್ಷ ಪುನರ್ವಸು ಮಳೆ ಹಿಡಿದಿದ್ದಾಗ ನಮ್ಮ ಕ್ಯಾಂಪರ್ ವ್ಯಾನ್ ತೀರ್ಥಹಳ್ಳಿ ಹತ್ತಿರ ಅಕ್ಕನ ಮನೆ ಅಂಗಳದಲ್ಲಿ ನಾಲ್ಕು ದಿನ ನಿಂತಿತ್ತು. ಐದನೇ ದಿನ ಬೆಳಿಗ್ಗೆ ಒಳಗಿನ ಲೈಟು ಹತ್ತಲಿಲ್ಲ. ನೀರಿನ ಪಂಪು ಒಮ್ಮೆ ಗೊರ್ ಅಂದು ಸುಮ್ಮನಾಯಿತು. ಎಂಜಿನ್ ಮಾತ್ರ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಬ್ಯಾಟರಿ ಅಂಗಡಿಯೊಂದಕ್ಕೆ ಫೋನ್ ಮಾಡಿದರೆ, "ಹೋಗಿದೆ ಸಾರ್, ಹೊಸದು ಹಾಕಿಸ್ಬಿಡಿ" ಅಂದರು. ತೋಟಕ್ಕೆ ಹೊರಟಿದ್ದ ಭಾವ ಕೊಪ್ಪೆ ಸರಿಮಾಡಿಕೊಳ್ಳುತ್ತಾ, "ಮೀಟರ್ ಹಿಡಿದು ನೋಡಿದ್ಯೇನೋ?" ಅಂತ ಕೇಳಿದರು.

ನೋಡಿರಲಿಲ್ಲ.

ಇಂಥ ವ್ಯಾನುಗಳಲ್ಲಿ ಎರಡು ಬ್ಯಾಟರಿ ಇರುತ್ತವೆ. ಒಂದು ಎಂಜಿನ್ ಎಬ್ಬಿಸುವುದಕ್ಕೆ. ಕೆಲವೇ ಸೆಕೆಂಡು ಜೋರಾಗಿ ಕರೆಂಟ್ ಕೊಟ್ಟರೆ ಅದರ ಕೆಲಸ ಮುಗಿಯಿತು. ಇನ್ನೊಂದು ಒಳಗಿನ ಲೈಟು, ಫ್ಯಾನು, ಫ್ರಿಜ್ಜಿಗೆ. ಗಂಟೆಗಟ್ಟಲೆ ನಿಧಾನವಾಗಿ ಕೊಡುತ್ತಿರಬೇಕು. ಮನೆಯ ಇನ್ವರ್ಟರಿಗೆ ಹಾಕುವ ಟ್ಯೂಬುಲರ್ (ನೀರು ಹಾಕುವ ಲೆಡ್-ಆಸಿಡ್) ಅಥವಾ ಲಿಥಿಯಂ ಬ್ಯಾಟರಿಯನ್ನು ಇದಕ್ಕೆ ಬಳಸುವವರು ಜಾಸ್ತಿ. ಕೆಟ್ಟಿದೆ ಅಂತ ಅನ್ನಿಸುವುದು ಸಾಮಾನ್ಯವಾಗಿ ಈ ಎರಡನೆಯದೇ.

ಮೊದಲು ಅಳೆಯಿರಿ

ಕೈಹಾಕುವ ಮೊದಲು ಉಂಗುರ, ಕೈಗಡಿಯಾರ ತೆಗೆದಿಡಿ. ಸ್ಪ್ಯಾನರ್ ಎರಡೂ ಟರ್ಮಿನಲ್‌ಗೆ ಒಟ್ಟಿಗೆ ತಾಗಿದರೆ ಹಾರುವ ಕಿಡಿ ತಮಾಷೆಯದಲ್ಲ. ವ್ಯಾನಿನ ಬಾಗಿಲು ತೆರೆದಿರಲಿ, ಬೀಡಿ-ಊದುಬತ್ತಿ ಬೇಡ. ಚಾರ್ಜ್ ಆಗುವಾಗ ಲೆಡ್-ಆಸಿಡ್ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ.

ಎಲ್ಲಾ ಸ್ವಿಚ್ ಆಫ್ ಮಾಡಿ, ಚಾರ್ಜ್ ಆಗುತ್ತಿದ್ದರೆ ಅದನ್ನೂ ನಿಲ್ಲಿಸಿ, ಎರಡು-ಮೂರು ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿಯಿರಿ. 12.6-12.7 ವೋಲ್ಟ್ ಇದ್ದರೆ ಹೊಟ್ಟೆ ತುಂಬಿದೆ. 12.2 ಅಂದರೆ ಸುಮಾರು ಅರ್ಧ. 11.8ಕ್ಕಿಂತ ಕೆಳಗಿದ್ದರೆ ತಳ ಮುಟ್ಟಿದೆ. 12.6 ಇದ್ದೂ ಲೈಟು ಹತ್ತದಿದ್ದರೆ ಬ್ಯಾಟರಿಯನ್ನು ಬಯ್ಯಬೇಡಿ. ಮೇನ್ ಫ್ಯೂಸ್, ಮೇನ್ ಸ್ವಿಚ್, ಅರ್ಥ್ ವಯರ್ ನೋಡಿ. ನಮ್ಮದು 11.4 ತೋರಿಸಿತು.

ಲಿಥಿಯಂ ಇದ್ದವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅದು ಬಹುತೇಕ ಖಾಲಿಯಾಗುವವರೆಗೂ 13ರ ಆಸುಪಾಸಿನಲ್ಲೇ ಇರುತ್ತದೆ. ಮೀಟರ್ ಸೊನ್ನೆ ತೋರಿಸಿದರೂ ಗಾಬರಿ ಬೇಡ. ಒಳಗಿನ ಬಿಎಂಎಸ್, ಅಂದರೆ ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್, ತಾನಾಗಿಯೇ ಬಾಗಿಲು ಹಾಕಿಕೊಂಡಿರಬಹುದು. ಲಿಥಿಯಂಗೆಂದೇ ಇರುವ ಚಾರ್ಜರ್ ಕೊಟ್ಟರೆ ಎಷ್ಟೋ ಸಲ ಮತ್ತೆ ಏಳುತ್ತದೆ.

ಊಟ ಸಿಗುತ್ತಿದೆಯಾ?

ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದು. ಎಂಜಿನ್ ಸ್ಟಾರ್ಟ್ ಮಾಡಿ, ಮೀಟರನ್ನು ಒಳಗಿನ ಬ್ಯಾಟರಿಗೆ ಹಿಡಿದುಕೊಂಡೇ ಇರಿ. ಒಂದೆರಡು ನಿಮಿಷದಲ್ಲಿ ವೋಲ್ಟೇಜ್ ಏರತೊಡಗಬೇಕು. ಚಾರ್ಜ್ ಆಗುತ್ತಾ 13.5ರಿಂದ 14.4ರವರೆಗೂ ಹೋಗುತ್ತದೆ. ನಮ್ಮದು ಕದಲಲಿಲ್ಲ, ಅದೇ 11.4. ಎಂಜಿನ್ ಬ್ಯಾಟರಿಯಲ್ಲಿ ನೋಡಿದರೆ 14.1. ಅಂದರೆ ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಸರಿ ಇದೆ, ದಾರಿಯಲ್ಲೆಲ್ಲೋ ತಡೆ.

ಆ ದಾರಿಯಲ್ಲಿ ಇರುವುದು ರಿಲೇ (ಎಂಜಿನ್ ಓಡುವಾಗ ಎರಡೂ ಬ್ಯಾಟರಿಯನ್ನು ಜೋಡಿಸುವ ಸ್ವಿಚ್), ದಪ್ಪ ವಯರು, ಎರಡೂ ತುದಿಗೆ ಫ್ಯೂಸು. ಮೀಟರಿನ ಕಪ್ಪು ಕಡ್ಡಿಯನ್ನು ನೆಗೆಟಿವ್‌ಗೆ ಇಟ್ಟು, ಕೆಂಪು ಕಡ್ಡಿಯಿಂದ ಒಂದೊಂದೇ ಜಾಗ ಮುಟ್ಟುತ್ತಾ ಬಂದೆ. ಒಳಗಿನ ಬ್ಯಾಟರಿ ಪಕ್ಕದ ಫ್ಯೂಸ್ ಹೋಲ್ಡರಿನ ಆಚೆ ಬದಿ 14.1, ಈಚೆ ಬದಿ 11.4. ಫ್ಯೂಸ್ ಎಳೆದು ನೋಡಿದರೆ ತಂತಿ ಗಟ್ಟಿಯಾಗಿಯೇ ಇದೆ. ಹೋಲ್ಡರಿನ ಕಾಲು ಮಾತ್ರ ಹಸಿರು ಕಿಲುಬು ಹಿಡಿದು ಉಗುರಿಗೆ ಪುಡಿಪುಡಿಯಾಗಿ ಉದುರಿತು. ನಮ್ಮಲ್ಲಿ ಮಳೆಗಾಲಕ್ಕೆ ಚಪ್ಪಲಿ, ಬೆಲ್ಟಿಗೇ ಬೂಸ್ಟು ಬರುತ್ತದೆ, ತಾಮ್ರ ಸುಮ್ನೆ ಇರುತ್ತಾ? ಹೊಸ ಹೋಲ್ಡರ್ ಹಾಕಿದೆ. ನೂರೈವತ್ತು ರೂಪಾಯಿಯೊಳಗೆ ಮುಗಿಯಿತು.

ಟರ್ಮಿನಲ್ ಮೇಲೆ ಬಿಳಿ ಹಿಟ್ಟು ಕಟ್ಟಿದ್ದರೆ ನೆಗೆಟಿವ್ ಮೊದಲು, ಪಾಸಿಟಿವ್ ಆಮೇಲೆ ಬಿಚ್ಚಿ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೆ ಬ್ರಷ್‌ನಿಂದ ಉಜ್ಜಿ. ಆ ನೀರು ಸೆಲ್ಲಿನೊಳಗೆ ಇಳಿಯಬಾರದು. ಒಣಗಿಸಿ, ಬಿಗಿದು, ವ್ಯಾಸಲಿನ್ ಸವರಿ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಯಾಗಿದ್ದರೆ ಇನ್ನೊಂದು ಅನುಮಾನವನ್ನೂ ಇಟ್ಟುಕೊಳ್ಳಿ. ಕೆಲವು ಗಾಡಿಗಳ ಆಲ್ಟರ್ನೇಟರ್ ಡೀಸೆಲ್ ಉಳಿಸಲು ವೋಲ್ಟೇಜ್ ತಗ್ಗಿಸುತ್ತದೆ. ಅಲ್ಲಿ ಬರೀ ರಿಲೇ ಸಾಲದು, ತಗ್ಗಿದ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಏರಿಸುವ ಡಿಸಿ-ಡಿಸಿ ಚಾರ್ಜರ್ ಬೇಕು.

ಮಾಡಿನ ಮೇಲೆ ಸೋಲಾರ್ ಇದೆಯಲ್ಲ ಅನ್ನುತ್ತೀರಾ? ನಮ್ಮಲ್ಲೂ ಇತ್ತು. ಒಳ್ಳೆ ಬಿಸಿಲಿಗೆ 100 ವಾಟಿನ ಪ್ಯಾನೆಲ್ ಐದಾರು ಆಂಪಿಯರ್ ಕೊಡುತ್ತದೆ. ಆಗುಂಬೆ ಕಡೆಯ ಜಡಿಮಳೆಗೆ ಒಂದು ಆಂಪಿಯರ್ ಬಂದರೆ ಪುಣ್ಯ. ಅದರ ಮೇಲೆ ಒದ್ದೆ ಹಲಸಿನ ಎಲೆಗಳು ಬೇರೆ ಅಂಟಿದ್ದವು. ಪ್ಯಾನೆಲ್ಲಿನ ಸೆಲ್ಲುಗಳು ಸರಪಳಿಯಂತೆ ಜೋಡಿಸಿದವು. ಒಂದೆರಡು ಮುಚ್ಚಿಹೋದರೂ ಹೊಡೆತ ದೊಡ್ಡದು.

ತಿಂದವರು ಯಾರು ಅನ್ನುವುದೂ ಸಿಕ್ಕಿತು. ಇನ್ವರ್ಟರ್ ಆನ್ ಆಗಿಯೇ ಇತ್ತು. ಏನೂ ಹಾಕದಿದ್ದರೂ ಅದು ಅರ್ಧ ಆಂಪಿಯರ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ನಾಲ್ಕು ದಿನಕ್ಕೆ 48 ಆಂಪಿಯರ್-ಅವರ್. 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲೇ ಹೋಯಿತು, ಅಲ್ವಾ?

ನಿಜವಾಗಿ ಹೋಗಿದೆಯಾ?

ಟ್ಯೂಬುಲರ್ ಆದರೆ ನೀರಿನ ಮಟ್ಟ ನೋಡಿ. ಪ್ಲೇಟು ಕಾಣುತ್ತಿದ್ದರೆ ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ, ಉಳಿದದ್ದು ಚಾರ್ಜ್ ಆದ ಮೇಲೆ. ಬಾವಿ ನೀರು, ಆಸಿಡ್ ಎರಡೂ ಬೇಡ. ಮನೆಯ ಕರೆಂಟಿನಲ್ಲಿ ಪೂರ್ತಿ ಚಾರ್ಜ್ ಮಾಡಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ 10.5ರ ಹತ್ತಿರ ಇದ್ದರೆ ಆರು ಸೆಲ್ಲಿನಲ್ಲಿ ಒಂದು ಹೋಗಿರುವುದು ಹೆಚ್ಚುಕಡಿಮೆ ಖಚಿತ, ಯಾಕೆಂದರೆ ಒಂದೊಂದಕ್ಕೆ 2.1 ವೋಲ್ಟ್. 12.6 ಇದ್ದರೆ 55 ವಾಟಿನ ಹೆಡ್‌ಲೈಟ್ ಬಲ್ಬ್ ಜೋಡಿಸಿ ಅರ್ಧ ಗಂಟೆ ಉರಿಸಿ. ಕೆಲವೇ ನಿಮಿಷದಲ್ಲಿ 11ಕ್ಕೆ ಕುಸಿದರೆ ಅಂಗಡಿಯವರ ಮಾತೇ ನಿಜ. ಹೊಸದು ತರುವಾಗ ಹಳೆಯದನ್ನು ಅಲ್ಲೇ ಕೊಡಿ. ಸೀಸ ಇರುತ್ತದೆ, ತೂಕಕ್ಕೆ ದುಡ್ಡೂ ಬರುತ್ತದೆ.

ನಮ್ಮದು ಬೆಳಿಗ್ಗೆ 12.5 ತೋರಿಸಿತು, ಬಲ್ಬ್ ಉರಿಸಿದಾಗ 12.2ರಲ್ಲಿ ನಿಂತಿತು. ಮೊದಲಿನ 12.7 ಇನ್ನು ಬರುವುದಿಲ್ಲ. ಖಾಲಿ ಬಿದ್ದಿದ್ದಾಗ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿದ್ದರ ಗುರುತು ಅದು. ಈಗ ಅಕ್ಕನ ಅಂಗಳ ತಲುಪಿದ ಕೂಡಲೇ ಮೇನ್ ಸ್ವಿಚ್ ಆಫ್ ಮಾಡುತ್ತೇನೆ, ಆಮೇಲೆಯೇ ಕಾಫಿ.