ಆ 0.68 ಮಿಲಿಮೀಟರ್

ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಸ್ಕ್ಯಾನಿಂಗ್ ಸೆಂಟರ್ ಇದೆ. ಹೊಟ್ಟೆ, ಕಿಡ್ನಿ, ಗರ್ಭಿಣಿಯರ ಸ್ಕ್ಯಾನ್ ದಿನವೂ ಇದ್ದದ್ದೇ. ಅದರ ಜೊತೆಗೆ ಕುತ್ತಿಗೆಯ ರಕ್ತನಾಳದ ಗೋಡೆ ಅಳೆಯುವುದನ್ನು ನಾನಾಗಿಯೇ ಆಸೆಪಟ್ಟು ಶುರು ಮಾಡಿದೆ. ಸೂಜಿ ಇಲ್ಲ, ನೋವಿಲ್ಲ, ಎಕ್ಸ್‌ರೇ ಕಿರಣವೂ ಇಲ್ಲ. ಹಾರ್ಟ್ ಅಟ್ಯಾಕ್, ಲಕ್ವ ಬರುವ ಮೊದಲೇ ಸುಳಿವು ಸಿಗುತ್ತದೆ ಅಂದರೆ ಬಿಡುವುದು ಹೇಗೆ?

ತೀರ್ಥಹಳ್ಳಿ, ಹೊಸನಗರ ಕಡೆಯ ಹಳ್ಳಿಗಳಿಗೇ ಹೋಗಿ ಕ್ಯಾಂಪ್ ಮಾಡಬೇಕು ಅಂತಲೂ ಇತ್ತು. ಆದರೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಇದೆಯಲ್ವಾ, ನೋಂದಾಯಿಸಿದ ಜಾಗದಿಂದ ಸ್ಕ್ಯಾನ್ ಮೆಷಿನ್ ಎತ್ತಿಕೊಂಡು ಸುಮ್ನೆ ಹೊರಡುವ ಹಾಗಿಲ್ಲ. ಹಾಗಾಗಿ ಜನರೇ ಬಸ್ ಹತ್ತಿ ನನ್ನ ಹತ್ತಿರ ಬಂದರು.

ಅಳೆಯುವುದು ಹೀಗೆ. ರೋಗಿಯನ್ನು ಮಲಗಿಸಿ, ಹೆಗಲ ಕೆಳಗೆ ಟವೆಲ್ ಸುತ್ತಿ ಇಟ್ಟು, ಮುಖ ಆಚೆ ತಿರುಗಿಸಲು ಹೇಳುತ್ತೇನೆ. ಜೆಲ್ ಹಚ್ಚಿ ಪ್ರೋಬ್ (ಚರ್ಮದ ಮೇಲೆ ಆಡಿಸುವ ಸ್ಕ್ಯಾನ್ ಮೆಷಿನ್ನಿನ ಹಿಡಿಕೆ) ಇಡುವಾಗ ಕೈ ಹಗುರ ಇರಬೇಕು. ಸ್ಕ್ರೀನಿನಲ್ಲಿ ನಾಳ ನೇರವಾಗಿ, ಅಡ್ಡ ಮಲಗಿದ ಹಾಗೆ ಕಾಣಬೇಕು. ಒಳಗಿನ ರಕ್ತ ಕಪ್ಪು. ಅದರ ಕೆಳಗಿನ ಗೋಡೆಯಲ್ಲಿ ಎರಡು ಬಿಳಿ ಗೆರೆ, ನಡುವೆ ಒಂದು ಕಪ್ಪು ಎಳೆ. ಮೇಲಿನ ಗೆರೆಯ ಮೇಲಂಚಿನಿಂದ ಕೆಳಗಿನ ಗೆರೆಯ ಮೇಲಂಚಿನವರೆಗಿನ ದೂರವೇ ಗೋಡೆಯ ಒಳಪದರ ಮತ್ತು ನಡುಪದರ ಸೇರಿದ ದಪ್ಪ. ಈ ಎರಡು ಗೆರೆಯ ಅಳತೆ ನಿಜವಾದ ನಾಳದ ತುಂಡಿನ ಅಳತೆಗೆ ಹೊಂದುತ್ತದೆ ಅಂತ 1986ರಲ್ಲಿ ಇಟಲಿಯ ಪಿನ್ಯೋಲಿ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ನಾಳ ಕವಲೊಡೆಯುವ ಮೊದಲು ಸ್ವಲ್ಪ ಉಬ್ಬುತ್ತದೆ. ಆ ಉಬ್ಬಿಗಿಂತ ಕೆಳಗಿನ ಒಂದು ಸೆಂಟಿಮೀಟರ್ ನೇರ ಭಾಗದಲ್ಲಿ ಅಳೆಯುವುದು ವಾಡಿಕೆ.

ಕಷ್ಟ ಇರುವುದು ಸೂಕ್ಷ್ಮದಲ್ಲಿ. ಒಂದೊಂದು ನಾಡಿಬಡಿತಕ್ಕೂ ನಾಳ ಹಿಗ್ಗುತ್ತದೆ, ಗೋಡೆ ತೆಳ್ಳಗಾಗುತ್ತದೆ. ಇಸಿಜಿ ನೋಡಿಕೊಂಡು ಹೃದಯ ಸಡಿಲಾದ ಕ್ಷಣಕ್ಕೇ ಚಿತ್ರ ನಿಲ್ಲಿಸಬೇಕು. ಒಮ್ಮೆ ನಮ್ಮ ಸೆಂಟರಿನ ಹುಡುಗನನ್ನೇ ಮಲಗಿಸಿ ಒಂದೇ ಮಧ್ಯಾಹ್ನ ಮೂರು ಸಲ ಅಳೆದೆ. 0.61, 0.70, 0.66 ಬಂತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2007ರ ಒಂದು ಲೆಕ್ಕದ ಪ್ರಕಾರ ದಪ್ಪ 0.1 ಮಿಲಿಮೀಟರ್ ಜಾಸ್ತಿ ಇದ್ದರೆ ಹಾರ್ಟ್ ಅಟ್ಯಾಕ್ ಅಪಾಯ ಶೇ. 10ರಿಂದ 15ರಷ್ಟು, ಲಕ್ವದ ಅಪಾಯ ಶೇ. 13ರಿಂದ 18ರಷ್ಟು ಏರುತ್ತದೆ. ನನ್ನ ಕೈ ಅಲುಗಾಟವೇ ಹೆಚ್ಚುಕಡಿಮೆ ಅಷ್ಟಿತ್ತು! ಅವತ್ತೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ತೀರ್ಥಹಳ್ಳಿ ಕಡೆಯ ಒಬ್ಬ ಗೌಡರು ಬಂದರು. ವಯಸ್ಸು ಐವತ್ತೆರಡು, ತೆಳ್ಳಗಿನ ಆಳು, ದಿನವಿಡೀ ತೋಟದ ಕೆಲಸ. ಬಿಪಿ ಇತ್ತು. ಎಲೆಅಡಿಕೆ ಜೊತೆ ಹೊಗೆಸೊಪ್ಪೂ ಇತ್ತು. ಅಳೆದೆ, 0.68. "ಗೌಡ್ರೇ, ನಾಳ ಚೆನ್ನಾಗಿದೆ, ಹೆದರಬೇಡಿ" ಅಂದೆ. ಅವರು ಅದನ್ನು ಕೇಳಿಸಿಕೊಂಡದ್ದೇ ಬೇರೆ ಥರ. ಊರಿಗೆ ಹೋದವರೇ ಬಿಪಿ ಮಾತ್ರೆ ನಿಲ್ಲಿಸಿದರು.

ಮುಂದಿನ ವರ್ಷ ಸುಗ್ಗಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಾಗ ಅವರ ಬಲಗೈ ಸೋತುಹೋಯಿತು. ಕಾಯಿ ಬೆರಳಿಂದ ಜಾರಿತು, ಮಾತು ತೊದಲಿತು. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತಂತೆ. ಮಗ ಕರೆದುಕೊಂಡು ಬಂದ. ಈ ಸಲ ಪ್ರೋಬನ್ನು ಮೇಲಕ್ಕೆ, ಕವಲಿನವರೆಗೂ ಒಯ್ದೆ. ಎಡ ನಾಳದ ಉಬ್ಬಿನಲ್ಲಿ ಪ್ಲಾಕ್, ಅಂದರೆ ಗೋಡೆಯಲ್ಲಿ ಕೊಬ್ಬು ಸೇರಿದ ದಪ್ಪ ಗಂಟು, ಕೂತಿತ್ತು, ಎರಡು ಮಿಲಿಮೀಟರಿಗೂ ಜಾಸ್ತಿ. ನಾನು ಮೊದಲು ಅಳೆದ ನೇರ ಭಾಗ ಆಗಲೂ ಚೆನ್ನಾಗಿಯೇ ಇತ್ತು. ಹಿಂದಿನ ವರ್ಷ ನಾನು ಆ ಕವಲನ್ನು ನೋಡಿಯೇ ಇರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಗೌಡರ ಮಗ "ಪೈಪಿನಲ್ಲಿ ಪಾಚಿ ಕಟ್ಟಿದ ಹಾಗಾ ಡಾಕ್ಟ್ರೇ?" ಅಂತ ಕೇಳಿದ. ಹಾಗಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಮನೆಗೋಡೆ ನೀರು ಕುಡಿದು ಗಾರೆ ಉಬ್ಬುತ್ತದಲ್ಲ, ಇದೂ ಹಾಗೇ. ಕೊಬ್ಬು ಸೇರುವುದು ಒಳಪದರದ ಅಡಿಯಲ್ಲಿ. ಉಬ್ಬಿದ ಗಾರೆ ಒಡೆದರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಅದರ ಚೂರು ಮಿದುಳಿಗೆ ಹಾರುತ್ತದೆ. ಅವರ ನಾಳ ಅರ್ಧವೂ ಮುಚ್ಚಿರಲಿಲ್ಲ, ಆಪರೇಷನ್ ಬೇಕಾಗಲಿಲ್ಲ. ಫಿಜಿಷಿಯನ್ ಹತ್ತಿರ ಅವತ್ತೇ ಕಳಿಸಿದೆ. ಆಸ್ಪಿರಿನ್, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ಬಿಪಿ ಮಾತ್ರೆ ಶುರುವಾದವು.

ಆಮೇಲೆ ಕೂತು ಓದಿದೆ. ಅಮೆರಿಕದ ಹೃದ್ರೋಗ ಸಂಘಗಳು 2010ರಲ್ಲಿ ಈ ದಪ್ಪ ಅಳೆಯುವುದಕ್ಕೆ ಒಪ್ಪಿಗೆ ಕೊಟ್ಟಿದ್ದವು. 2013ರಲ್ಲಿ, ವಾಡಿಕೆಯಾಗಿ ಅಳೆಯಬೇಡಿ ಅಂದವು. ವಯಸ್ಸು, ಬಿಪಿ, ಶುಗರ್, ಕೊಲೆಸ್ಟ್ರಾಲ್, ತಂಬಾಕು ಇಷ್ಟನ್ನು ಲೆಕ್ಕ ಹಾಕಿದ ಮೇಲೆ ಬರೀ ದಪ್ಪ ಹೊಸದಾಗಿ ಹೇಳುವುದು ತೀರಾ ಕಡಿಮೆ. ಪ್ಲಾಕ್ ಇದೆಯಾ ಇಲ್ವಾ ಅನ್ನುವುದು ಅದಕ್ಕಿಂತ ಜಾಸ್ತಿ ಹೇಳುತ್ತದೆ. ಸುತ್ತಲಿನ ಗೋಡೆಗಿಂತ ಅರ್ಧ ಮಿಲಿಮೀಟರ್ ಒಳಗೆ ಚಾಚಿದ್ದರೆ, ಅಥವಾ ದಪ್ಪ 1.5 ದಾಟಿದ್ದರೆ ಅದನ್ನು ಪ್ಲಾಕ್ ಅನ್ನುತ್ತೇವೆ.

ಈಗ ನಾನು ಮೊದಲು ಬಿಪಿ ನೋಡುತ್ತೇನೆ, ಹೊಗೆಸೊಪ್ಪಿನ ಬಗ್ಗೆ ಕೇಳುತ್ತೇನೆ. ಆಮೇಲೆ ಪ್ರೋಬನ್ನು ಎರಡೂ ಬದಿ, ಬುಡದಿಂದ ಕವಲು ದಾಟುವವರೆಗೆ, ಉದ್ದಕ್ಕೂ ಅಡ್ಡಕ್ಕೂ ಓಡಿಸುತ್ತೇನೆ. ರಿಪೋರ್ಟಿನಲ್ಲಿ ದಪ್ಪದ ಮೇಲಿನ ಸಾಲಿಗೇ ಪ್ಲಾಕ್ ಬಂದಿದೆ. ಅದರ ಕೆಳಗೆ ಕನ್ನಡದಲ್ಲಿ ಒಂದು ಸಾಲು ನಾನೇ ಕೈಯಲ್ಲಿ ಬರೆಯುತ್ತೇನೆ: "ಈ ಸ್ಕ್ಯಾನ್ ನೋಡಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ." ಬರೆದದ್ದನ್ನು ಅವರ ಎದುರಿಗೇ ಓದಿ ಹೇಳಿ, ಆಮೇಲೆ ಕವರಿಗೆ ಹಾಕಿ ಕೊಡುತ್ತೇನೆ.